ತೋಟದ ಮನೆಯ ಫ್ರೀಜರ್‌ಗೆ ಬಿಯರಿನ ನಲ್ಲಿ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ವಾದ

(ಶ್ರೀನಿವಾಸಪುರದ ತೋಟದ ಮನೆಯಲ್ಲಿರುವ ದೊಡ್ಡ ಫ್ರೀಜರ್ ನಾಲ್ಕು ಮನೆಯವರು ಹಣ ಹಾಕಿ ಕೊಂಡದ್ದು. ಮೇಲಕ್ಕೆ ಮುಚ್ಚಳ ತೆರೆಯುವ ಪೆಟ್ಟಿಗೆ ಮಾದರಿಯದು.)

ತಮ್ಮ: ಈಗ ಕಳಿಸಿದ ವಿಡಿಯೊವನ್ನು ಎಲ್ಲರೂ ಪೂರ್ತಿ ನೋಡಿ. ಅಮೆರಿಕದಲ್ಲಿ ಇಂಥದ್ದೇ ಫ್ರೀಜರ್ ಒಳಗೆ ಬಿಯರ್ ತುಂಬಿದ ಉಕ್ಕಿನ ಪೀಪಾಯಿಗಳನ್ನಿಟ್ಟು ಹೊರಗೆ ನಲ್ಲಿ ಹಾಕಿಕೊಳ್ಳುತ್ತಾರೆ. ನಮ್ಮದು ವರ್ಷದ ಬಹುಪಾಲು ಖಾಲಿ ಬಿದ್ದಿರುತ್ತದೆ. ಯುಗಾದಿಗೆ ಎಲ್ಲರೂ ಸೇರುವಷ್ಟರಲ್ಲಿ ಮಾಡಿ ಮುಗಿಸುತ್ತೇನೆ. ಖರ್ಚು ನನ್ನದೇ.

ಚಿಕ್ಕಮ್ಮ: ಖಾಲಿ ಎಂದು ನಿನಗೆ ಯಾರು ಹೇಳಿದರು? ಹೋದ ಮಾವಿನ ಕಾಲದ ಬಾದಾಮಿ ಹಣ್ಣಿನ ತಿರುಳು ಇನ್ನೂ ಇದೆ. ಹಿತಕಿದ ಅವರೆಬೇಳೆಯ ಪೊಟ್ಟಣಗಳೂ ಅದರಲ್ಲೇ ಇವೆ. ಪ್ರತಿ ಸಲ ಬೆಂಗಳೂರಿಗೆ ಹೊರಡುವಾಗ ನಿನ್ನ ಚೀಲಕ್ಕೆ ಹಾಕಿಕೊಡುವುದು ಎಲ್ಲಿಂದ ಬರುತ್ತದೆ ಎಂದುಕೊಂಡಿದ್ದೀಯ?

ದೊಡ್ಡಪ್ಪ: ಕುಡಿಯುವವರನ್ನು ನಾನು ಯಾವತ್ತೂ ಬೈದವನಲ್ಲ. ಆದರೆ ಹಬ್ಬಕ್ಕೆ ಮೊಮ್ಮಕ್ಕಳೆಲ್ಲ ಬರುವ ಮನೆ ಅದು. ಅವರ ಕೈಗೆ ಎಟಕುವ ಎತ್ತರದಲ್ಲಿ ಬಿಯರ್ ನಲ್ಲಿ ಇರಬಾರದು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ತಮ್ಮ: ನಲ್ಲಿಗೆ ಬೀಗ ಹಾಕಬಹುದು ದೊಡ್ಡಪ್ಪ. ಕೀಲಿ ನಿಮ್ಮ ಹತ್ತಿರವೇ ಇರಲಿ.

ಭಾವ: ಬೀಗದ ಮಾತು ಆಮೇಲೆ. ಪೀಪಾಯಿಯೊಳಗೆ ತುಂಬುವುದು ಎಲ್ಲಿಂದ? ಅಮೆರಿಕದಲ್ಲಿ 1978ರಲ್ಲಿ ಕಾನೂನು ತಿದ್ದಿ, ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸಲು ಬಿಟ್ಟರು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಅವಕಾಶವಿದೆ. ಅಲ್ಲಿಯವರಿಗೆ ಇಂಥ ಪೆಟ್ಟಿಗೆ ಬೇಕಾಗುತ್ತದೆ, ಸರಿ. ಇಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ತಯಾರಿಸಿದರೆ ಅಪರಾಧ. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿಯಿದೆ. ನಾಳೆ ಯಾರಾದರೂ ದೂರು ಕೊಟ್ಟರೆ ಕೇಸು ಬೀಳುವುದು ಮನೆಯ ಯಜಮಾನರ ಮೇಲೆ, ಅಂದರೆ ದೊಡ್ಡಪ್ಪನವರ ಮೇಲೆ.

ತಮ್ಮ: ನಾನು ತಯಾರಿಸುವುದಿಲ್ಲ ಭಾವ. ಅಂಗಡಿಯಲ್ಲಿ ಕೊಂಡು ತಂದು ತುಂಬುತ್ತೇನೆ.

ಅಕ್ಕ: ಬಾಟಲಿಯಿಂದ ಪೀಪಾಯಿಗೆ ಸುರಿದು, ಪೀಪಾಯಿಯಿಂದ ಮತ್ತೆ ಲೋಟಕ್ಕೆ ಹಿಡಿಯುವುದೇ? ಸುರಿಯುವಾಗಲೇ ಗ್ಯಾಸ್ ಹೋಗಿ, ಗಾಳಿ ಸೇರಿ ರುಚಿ ಕೆಡುತ್ತದೆ. ಬಾಟಲಿಯನ್ನು ಮಂಜುಗಡ್ಡೆಯ ಬಕೆಟ್‌ನಲ್ಲಿ ಇಟ್ಟುಕೊಂಡರೆ ಆಗುವ ಕೆಲಸಕ್ಕೆ ಇಷ್ಟೊಂದು ಏಕೆ?

ತಮ್ಮ: ಅಣ್ಣ, ನೀನು ಹೇಳು. ಡೇರಿಗಳ ಹಾಲಿನ ಕೂಲರ್ ರಿಪೇರಿ ಮಾಡುವವನು ನೀನು. ಪಕ್ಕದಲ್ಲಿ ಎರಡು ತೂತು ಕೊರೆದರೆ ಮುಗಿಯಿತು, ಅಲ್ಲವೇ?

ನಾನು: ತೂತು ಕೊರೆಯುವ ಮಾತನ್ನು ಇಲ್ಲಿಗೇ ಬಿಡು. ಇಂಥ ಫ್ರೀಜರ್‌ಗಳಲ್ಲಿ ಸಾಮಾನ್ಯವಾಗಿ ಕಾಯಿಲ್ ಹಿಂದೆ ಕಾಣುವಂತೆ ಇರುವುದಿಲ್ಲ. ತಂಪು ಕೊಡುವ ಕೊಳವೆ ಒಳಗೋಡೆಗೆ, ಬಿಸಿ ಹೊರಹಾಕುವ ಕೊಳವೆ ಹೊರಗಿನ ತಗಡಿಗೆ ಅಂಟಿಕೊಂಡು ಪಕ್ಕದ ಗೋಡೆಗಳ ಒಳಗೇ ಸುತ್ತಿರುತ್ತವೆ. ಡ್ರಿಲ್ ತಗುಲಿದರೆ ತಂಪು ಮಾಡುವ ಗ್ಯಾಸ್ ಪೂರ್ತಿ ಹೋಗುತ್ತದೆ. ಫೋಮ್ ಒಳಗೆ ಹೂತ ಕೊಳವೆಯನ್ನು ಬೆಸೆಯುವುದು ಕಷ್ಟ, ಪೆಟ್ಟಿಗೆ ಗುಜರಿಗೆ. ಹಿಂಬದಿಯ ಫಲಕದಲ್ಲಿ ಆರ್600ಎ ಎಂದು ಬರೆದಿದ್ದರೆ ಇನ್ನೂ ಕೆಟ್ಟದ್ದು. ಅದು ಹೊತ್ತಿಕೊಳ್ಳುವ ಅನಿಲ, ಡ್ರಿಲ್ ಮೋಟಾರಿನ ಕಿಡಿ ಸಾಕು.

ನಿನ್ನ ವಿಡಿಯೊದವನೂ ಗೋಡೆ ಕೊರೆದಿಲ್ಲ, ಮತ್ತೊಮ್ಮೆ ನೋಡು. ಮುಚ್ಚಳ ಬಿಚ್ಚಿ, ಪೆಟ್ಟಿಗೆಯ ಬಾಯಿಯ ಅಳತೆಗೆ ಮರದ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳವನ್ನು ಮತ್ತೆ ಹಾಕಿದ್ದಾನೆ. ನಲ್ಲಿಗಳು ಬಂದಿರುವುದು ಆ ಮರದಲ್ಲಿ. ಬೇಡವಾದಾಗ ಚೌಕಟ್ಟು ತೆಗೆದರೆ ಫ್ರೀಜರ್ ಮೊದಲಿನಂತೆಯೇ ಇರುತ್ತದೆ. ಆ ಕೆಲಸ ನಿಜಕ್ಕೂ ಚೆನ್ನಾಗಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ತಮ್ಮ: ಹಾಗಾದರೆ ತೊಂದರೆ ಏನು? ಚೌಕಟ್ಟನ್ನೇ ಹಾಕುತ್ತೇನೆ. ಮಾವಿನ ಕಾಲಕ್ಕೆ ತೆಗೆದುಬಿಡುತ್ತೇನೆ.

ನಾನು: ತೊಂದರೆ ತಾಪಮಾನದ್ದು. ಚಿಕ್ಕಮ್ಮನ ತಿರುಳು ಕೆಡದೆ ಇರಬೇಕಾದರೆ ಮೈನಸ್ 18 ಡಿಗ್ರಿ ಬೇಕು. ಬಿಯರ್‌ಗೆ ಬೇಕಾದದ್ದು 3-4 ಡಿಗ್ರಿ, ಹೆಚ್ಚುಕಡಿಮೆ ನಾವು ಡೇರಿಯಲ್ಲಿ ಹಾಲನ್ನು ಇಡುವ ತಂಪು. ಅದಕ್ಕಾಗಿ ಫ್ರೀಜರ್‌ನ ಪ್ಲಗ್ಗನ್ನು ಹೊರಗಿನ ತಾಪ ನಿಯಂತ್ರಕಕ್ಕೆ ಚುಚ್ಚಿ, ಅದರ ಸಂವೇದಕವನ್ನು ಒಳಗೆ ಬಿಡುತ್ತಾರೆ. 4 ಡಿಗ್ರಿಗೆ ಇಳಿದ ಕೂಡಲೇ ಅದು ಕರೆಂಟು ಕಡಿಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ತಾಪ ನಿಲ್ಲುವುದಿಲ್ಲ. ನೀನು ನಿಯಂತ್ರಕ ಹಾಕಿದ ಮರುದಿನವೇ ತಿರುಳು ಕರಗಲು ಶುರುವಾಗುತ್ತದೆ.

ಚಿಕ್ಕಮ್ಮ: ಇಷ್ಟು ಸಾಕು. ನನ್ನ ಪಾಲು ನಾನು ಬಿಟ್ಟುಕೊಡುವುದಿಲ್ಲ.

ತಮ್ಮ: ನನ್ನ ಪಾಲೂ ಇದೆಯಲ್ಲ ಚಿಕ್ಕಮ್ಮ. ನಾಲ್ಕರಲ್ಲಿ ಒಂದು ಪಾಲು ನಮ್ಮಪ್ಪ ಕೊಟ್ಟದ್ದು.

ಅಕ್ಕ: ಅಪ್ಪ ಕೊಟ್ಟದ್ದು ನನ್ನ ಇಬ್ಬರು ತಮ್ಮಂದಿರಿಗೂ ನನಗೂ ಸೇರಿ. ಆ ಪಾಲನ್ನು ನೀನೊಬ್ಬನೇ ಹಿಡಿದು ಮಾತಾಡಬೇಡ. ಪಾಲಿದೆ ಎಂದರೆ ಉಳಿದವರು ಇಟ್ಟದ್ದನ್ನು ಕರಗಿಸುವ ಅಧಿಕಾರ ಬಂತೆಂದಲ್ಲ.

ನಾನು: ಜಗಳ ಬೇಡ. ನನ್ನ ಅಭಿಪ್ರಾಯ ಇದು: ಈ ಫ್ರೀಜರ್ ಮುಟ್ಟಬೇಡ, ಹಳೆಯದೊಂದನ್ನು ಹುಡುಕು. ಮೈನಸ್ 18ಕ್ಕೆ ಇಳಿಯಲಾರದ ಹಳೆಯ ಪೆಟ್ಟಿಗೆಯನ್ನು ಐಸ್‌ಕ್ರೀಮ್ ಅಂಗಡಿಯವರು ಕಡಿಮೆ ಬೆಲೆಗೆ ಮಾರುತ್ತಾರೆ. ನಿನಗೆ ಬೇಕಾದದ್ದು 4 ಡಿಗ್ರಿ ಮಾತ್ರ, ಅದಕ್ಕೆ ಅದು ಸಾಕು. ಕೊಳ್ಳುವ ಮುಂಚೆ ಒಳಗೆ ಒಂದು ಬಕೆಟ್ ನೀರಿಟ್ಟು ಇಡೀ ದಿನ ಓಡಿಸಿ ನೋಡೋಣ. ಮುಚ್ಚಳದ ರಬ್ಬರ್ ಸರಿಯಿರಬೇಕು, ಗ್ಯಾಸ್ ಸೋರುತ್ತಿರಬಾರದು. ಮರದ ಕೆಲಸಕ್ಕೆ ನಾನೇ ಬರುತ್ತೇನೆ.

ಮರದ ಒಳಬದಿಗೆ ದಪ್ಪ ಥರ್ಮಾಕೋಲ್ ಹೊಡೆಯಬೇಕು, ಇಲ್ಲದಿದ್ದರೆ ಚೌಕಟ್ಟು ಬೆವರುತ್ತದೆ. ತಣ್ಣನೆಯ ಗಾಳಿ ತಳದಲ್ಲೇ ಕೂರುತ್ತದೆ. ಮೇಲೆ ನಲ್ಲಿಯ ಹತ್ತಿರ ಬೆಚ್ಚಗಿದ್ದರೆ ಮೊದಲ ಲೋಟ ಬರೀ ನೊರೆ. ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಒಳಗೆ ಓಡಿಸಿದರೆ ಸರಿಹೋಗುತ್ತದೆ. ನಿಯಂತ್ರಕದಲ್ಲಿ ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚೆ ಕೆಲವು ನಿಮಿಷ ಬಿಡುವು ಇಡು. ನಮ್ಮ ಕಡೆ ಕರೆಂಟು ಹೋಗಿ ಬರುವ ರೀತಿಗೆ ಅದಿಲ್ಲದಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ.

ದೊಡ್ಡಪ್ಪ: ಪೆಟ್ಟಿಗೆ ಬೇರೆ ಆದರೂ ಒಳಗಿರುವುದು ಬಿಯರ್ ತಾನೇ? ನನ್ನ ಮಾತು ಬದಲಾಗಿಲ್ಲ.

ನಾನು: ಬಿಯರ್ ಬೇಡ ದೊಡ್ಡಪ್ಪ, ಭಾವ ಹೇಳಿದ್ದು ಸರಿಯಾಗಿದೆ. ಪೀಪಾಯಿಗೆ ಶುದ್ಧ ನೀರು ತುಂಬಿ, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಸೋಡಾ ಮಾಡೋಣ. ಏಪ್ರಿಲ್ ಬಿಸಿಲಿಗೆ ನಿಂಬೆಹಣ್ಣು, ನನ್ನಾರಿ ಪಾನಕದ ಜೊತೆ ಮಕ್ಕಳೂ ಕುಡಿಯಬಹುದು. ಬಿಯರ್‌ಗೆ 10-12 ಪಿಎಸ್‌ಐ ಒತ್ತಡ ಸಾಕು, ಸೋಡಾಕ್ಕೆ 30 ಆದರೂ ಬೇಕು. ಅದಕ್ಕೆ ತಕ್ಕ ರೆಗ್ಯುಲೇಟರ್ ತರಬೇಕು, ಪೈಪೂ ಉದ್ದ ಇರಬೇಕು. ಇಲ್ಲದಿದ್ದರೆ ಲೋಟದಿಂದ ಹೊರಗೆಲ್ಲ ಚಿಮ್ಮುತ್ತದೆ.

ತಮ್ಮ: ಸೋಡಾಕ್ಕಾಗಿ ಇಷ್ಟೆಲ್ಲ ಮಾಡಲು ನನಗೆ ಮನಸ್ಸಿಲ್ಲ ಅಣ್ಣ. ಬೆಂಗಳೂರಿನ ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ. ಮಲಗುವ ಕೋಣೆಯ ಪಕ್ಕ ಜಾಗವಿದೆ.

ನಾನು: ಅಲ್ಲಿ ಖಂಡಿತ ಬೇಡ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ಹೊತ್ತಿಗೆ ಮುಂಚೆ ಎಚ್ಚರಿಸುವ ವಾಸನೆಯಿಲ್ಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಸಿಲಿಂಡರ್ ಪೂರ್ತಿ ಸೋರಿದರೆ ಮಲಗಿದವನು ಏಳುವುದಿಲ್ಲ. ಕಟ್ಟುವುದಾದರೆ ತೋಟದ ಮನೆಯ ತೆರೆದ ಪಡಸಾಲೆಯಲ್ಲಿ ಕಟ್ಟು. ಜೋಡಣೆಗಳಿಗೆಲ್ಲ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನಾನೇ ನೋಡುತ್ತೇನೆ. ಮುಚ್ಚಳಕ್ಕೆ ಬೀಗ ಬೇಕೇ ಬೇಕು. ಹಳೆಯ ಫ್ರೀಜರ್ ಒಳಗೆ ಅವಿತುಕೊಂಡ ಮಗು ಒಳಗಿನಿಂದ ಮುಚ್ಚಳ ತೆರೆಯಲಾರದು.

ದೊಡ್ಡಪ್ಪ: ಸೋಡಾ ಆದರೆ ಪಡಸಾಲೆಯಲ್ಲಿ ಇಡಲಿ. ಬೀಗದ ಕೀಲಿ ನನ್ನ ಹತ್ತಿರ ಇರುತ್ತದೆ.

ತಮ್ಮ: ಯೋಚಿಸಿ ಹೇಳುತ್ತೇನೆ. ಬಿಯರ್ ಆಸೆ ಬಿಟ್ಟೆ ಎಂದು ಯಾರೂ ಬರೆದುಕೊಳ್ಳಬೇಡಿ.

ಭಾವ: ಆಸೆಗೆ ಕಾಯ್ದೆಯ ಅಡ್ಡಿ ಇಲ್ಲ. ಪೀಪಾಯಿಗೆ ಇದೆ.

ಚಿಕ್ಕಮ್ಮ: ಭಾನುವಾರ ಬರುವವರು ಖಾಲಿ ಡಬ್ಬಿ ತನ್ನಿ, ತಿರುಳು ಹಂಚಿಬಿಡುತ್ತೇನೆ. ಹೊಸ ಹಣ್ಣಿಗೆ ಜಾಗ ಬೇಕು.