ತಂಗಿಗೆ ಜೀವಕೋಶ ಕಸಿ ಮಾಡಿಸಬಹುದೇ? ತಿಳಿದವರು ಹೇಳಿ

ಗೋಣಿಕೊಪ್ಪಲಿನಿಂದ ಪ್ರಶ್ನೆ: ತಂಗಿಗೆ ಟೈಪ್ 1 ಡಯಾಬಿಟಿಸ್, 19 ವರ್ಷದಿಂದ ಇನ್ಸುಲಿನ್. ಈಗೀಗ ಶುಗರ್ 50ಕ್ಕೆ ಇಳಿದರೂ ಬೆವರು, ನಡುಕ ಏನೂ ಇಲ್ಲದೆ ಎಚ್ಚರ ತಪ್ಪುತ್ತಾಳೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹಾಕಿದರೆ ಇನ್ಸುಲಿನ್ನೇ ಬೇಡ ಅನ್ನುತ್ತಾರೆ. ಈ ಸಲದ ಕಾಫಿ ದುಡ್ಡು ಅದಕ್ಕೆ ಹಾಕಲೇ?

ಮಡಿಕೇರಿಯಿಂದ: ಹಾಕಬೇಡಿ ಅಕ್ಕ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಡಯಾಬಿಟಿಸ್‌ಗೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಪ್ರಯೋಗವಾಗಿ ಮಾತ್ರ. ಪ್ರಯೋಗಕ್ಕೆ ಸೇರಿದವರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದರಲ್ಲಿರುವ ರೋಗ, ಆಸ್ಪತ್ರೆ ಎರಡನ್ನೂ ತಾಳೆ ನೋಡಿ.

ನಿಜವಾದ ಕಸಿಯೇ ಬೇರೆ. ಮೃತ ದಾನಿಯ ಮೇದೋಜೀರಕದಿಂದ ಐಲೆಟ್‌ಗಳನ್ನು (ಇನ್ಸುಲಿನ್ ತಯಾರಿಸುವ ಕೋಶಗಳ ಗುಂಪು) ಬಿಡಿಸಿ, ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಹನಿಸುತ್ತಾರೆ. 2023ರಲ್ಲಿ ಅಮೆರಿಕ ಒಪ್ಪಿದ ಇಂಥ ಐಲೆಟ್ ಚಿಕಿತ್ಸೆ ಲ್ಯಾಂಟಿಡ್ರಾಗೆ ಮೊದಲ ಸಲ ಮೈತೂಕದ ಕಿಲೋಗೆ ಕನಿಷ್ಠ 5,000 ಐಲೆಟ್ ಬೇಕು. ರಕ್ತ ಸೋಕಿದ ಕೂಡಲೇ ಉರಿಯೂತವಾಗಿ ಬಹಳಷ್ಟು ಸಾಯುತ್ತವೆ. ಹಲವರಿಗೆ ಎರಡನೇ ದಾನಿಯೂ ಬೇಕಾಗುವುದು ಅದಕ್ಕೇ. ಲ್ಯಾಂಟಿಡ್ರಾ ಅಧ್ಯಯನದ 30 ಜನರಲ್ಲಿ 21 ಮಂದಿ ಒಂದು ವರ್ಷ ಅಥವಾ ಹೆಚ್ಚು ಕಾಲ ಇನ್ಸುಲಿನ್ ಬಿಟ್ಟಿದ್ದರು, 5 ಮಂದಿಗೆ ಒಂದು ದಿನವೂ ಆಗಲಿಲ್ಲ. ಸ್ಟೆಮ್ ಸೆಲ್‌ನಿಂದ ಬೆಳೆಸಿದ ಐಲೆಟ್ ಕೋಶಗಳಾದ ಜಿಮಿಸ್ಲೆಸೆಲ್‌ನ ಪ್ರಯೋಗದಲ್ಲಿ ಪೂರ್ತಿ ಡೋಸ್ ಪಡೆದ 12 ಮಂದಿಯಲ್ಲಿ 10 ಮಂದಿ ವರ್ಷದ ಕೊನೆಗೆ ಇನ್ಸುಲಿನ್ ಇಲ್ಲದೆ ಇದ್ದರೆಂದು 2025ರಲ್ಲಿ ವರದಿಯಾಯಿತು. ಭರವಸೆ ಇದೆ, ಆದರೆ ನಿಮ್ಮ ಕ್ಲಿನಿಕ್‌ನವರು ಹಾಕುವುದು ಅದಲ್ಲ.

ವಿರಾಜಪೇಟೆಯಿಂದ: ದುಡ್ಡಿಗಿಂತ ಮೊದಲು ಮಾತ್ರೆಯ ಲೆಕ್ಕ ಹಾಕಿ. ಕಸಿ ಕೋಶ ಉಳಿಯುವಷ್ಟು ದಿನವೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬೇಕು. ಅದರಲ್ಲೊಂದಾದ ಟ್ಯಾಕ್ರೋಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಕಡಿಮೆಯಾದರೆ ಕೋಶ ನಾಶ. ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಲೇ ಇರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಾತ್ರೆ ಎಲ್ಲಿಂದ ಬರಬೇಕು? ಚಕ್ಕೋತ ಬಿಡಬೇಕು, ಔಷಧಿಯ ಮಟ್ಟ ಏರಿಸುತ್ತದೆ. ಕೈಪುಳಿ (ಕಹಿ ಕಿತ್ತಳೆ) ಪಜ್ಜಿಯನ್ನೂ ವೈದ್ಯರನ್ನು ಕೇಳದೆ ತಿನ್ನುವಂತಿಲ್ಲ. ಕೆಸರಿನ ತೋಟದಲ್ಲಿ ಇಲಿಜ್ವರ, ಬೂಷ್ಟು ಹಿಡಿದ ಕಾಫಿ ಸಿಪ್ಪೆಯ ದೂಳು ಎರಡೂ ಹೆಚ್ಚು ಅಪಾಯ. ಜಿಮಿಸ್ಲೆಸೆಲ್ ಪ್ರಯೋಗದಲ್ಲೇ ಒಬ್ಬರು ಶಿಲೀಂಧ್ರದ ಮಿದುಳುಪೊರೆ ಸೋಂಕಿನಿಂದ ತೀರಿಕೊಂಡರು.

ಸೋಮವಾರಪೇಟೆಯಿಂದ: ಈಗಿನ ಅಪಾಯ ಎಚ್ಚರ ತಪ್ಪುವುದು, ಅದನ್ನು ಮೊದಲು ನಿಲ್ಲಿಸೋಣ. ಕಾಫಿ ದುಡ್ಡಲ್ಲಿ ಸ್ವಲ್ಪ ಸಿಜಿಎಂ ಸೆನ್ಸರ್‌ಗೆ (ಮೈಗೆ ಅಂಟಿಸಿಕೊಂಡು ಸದಾ ಶುಗರ್ ಅಳೆಯುವ ಸಾಧನ) ಹಾಕಿ, ಅಲಾರಂ 80ಕ್ಕೆ ಇಡಿ. ನೆಟ್‌ವರ್ಕ್ ಹೋದರೂ ಬ್ಲೂಟೂತ್‌ನಿಂದ ತಂಗಿಯ ಫೋನ್ ಕೂಗುತ್ತದೆ, ದೂರದಲ್ಲಿರುವ ನಿಮ್ಮ ಫೋನ್ ಕೂಗುವುದಿಲ್ಲ. ಕರೆಂಟ್ ಹೋಗುವ ದಿನಗಳಿಗೆ ಪವರ್‌ಬ್ಯಾಂಕ್ ಇರಲಿ. ಕೆಲವು ವಾರ ಶುಗರ್ 70ರ ಕೆಳಗೆ ಹೋಗದಂತೆ ಕಾದರೆ ಬೆವರು, ನಡುಕದ ಸೂಚನೆ ಎಷ್ಟೋ ಜನರಿಗೆ ಮರಳಿ ಬರುತ್ತದೆ. ಇಡೀ ದಿನ ಕಾಫಿ ಕೊಯ್ದರೆ ರಾತ್ರಿಯೂ ಶುಗರ್ ಇಳಿಯಬಹುದು; ಅಂದಿನ ಡೋಸ್ ಎಷ್ಟು ಇಳಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಇಳಿದಾಗ 3 ಟೀಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ, ಗ್ಲುಕಗಾನ್ (ಶುಗರ್ ಏರಿಸುವ ಚುಚ್ಚುಮದ್ದು) 1 ಮಿಲಿಗ್ರಾಂ ಸ್ನಾಯುವಿಗೆ ಚುಚ್ಚಿ 108ಕ್ಕೆ ಕರೆ ಮಾಡಿ. ಚುಚ್ಚುವುದನ್ನು ಮನೆಯಲ್ಲಿ ಇಬ್ಬರಾದರೂ ಈ ವಾರವೇ ಕಲಿತಿರಿ.