ಸಹಾಯ ಬೇಕು: ಸುಧಾರಿತ ಸಾಂಬಾ ಮಸೂರಿ ಬೀಜವನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಕಾಲುವೆ ನೀರಿನ ಗದ್ದೆ. ಬೆಳೆಯುವುದು ಬಿಪಿಟಿ-5204, ಅಂದರೆ ಹಳೇ ಸಾಂಬಾ ಮಸೂರಿ ಭತ್ತ. ಎರಡು ವರ್ಷದಿಂದ ಎಲೆ ತುದಿಯಿಂದ ಅಂಚಿನ ಉದ್ದಕ್ಕೂ ಹಳದಿಯಾಗಿ ಒಣಗುತ್ತಿದೆ. ಎಲೆ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಟ್ಟರೆ ಹಾಲಿನಂಥ ದ್ರವ ಎಳೆಎಳೆಯಾಗಿ ಇಳಿಯಿತು, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗವೇ. ಯೂರಿಯಾ ಕಡಿಮೆ ಮಾಡಿದೆ, ನೀರು ಬಸಿದು ನೋಡಿದೆ, ತಾಮ್ರದ ಔಷಧಿಯನ್ನೂ ಹೊಡೆದೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ.

ಈಗ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿಯದೇ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿ ಸೇರಿ ಮಾಡಿದ ಸುಧಾರಿತ ಸಾಂಬಾ ಮಸೂರಿ ಹಾಕೋಣ ಅಂತಿದ್ದೇನೆ. ಅದರಲ್ಲಿ ಎಕ್ಸ್‌ಎ-21, ಎಕ್ಸ್‌ಎ-13, ಎಕ್ಸ್‌ಎ-5 ಅಂತ ಮೂರು ರೋಗನಿರೋಧಕ ಜೀನ್‌ಗಳಿವೆ. ಊರಲ್ಲಿ ಇದನ್ನು ಬಿಟಿ ಹತ್ತಿಯ ಥರ ಕುಲಾಂತರಿ ಅನ್ನುತ್ತಾರೆ, ಆದರೆ ಇದು ಡಿಎನ್‌ಎ ಗುರುತು ನೋಡಿ ಆರಿಸುತ್ತಾ ಸಾಧಾರಣ ಅಡ್ಡತಳಿಯಿಂದಲೇ ಮಾಡಿದ್ದು, ಅಲ್ವಾ, ಅಷ್ಟು ನನಗೆ ಗೊತ್ತು. ತಲೆ ಕೆಟ್ಟಿರುವುದು ಬೇರೆ ಕಡೆ. ಹದಿಮೂರು, ಐದು ಎರಡೂ ಅಡಗಿರುವ ಗುಣಗಳಂತೆ, ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕೆಲಸ ಮಾಡುತ್ತವಂತೆ. ನಮ್ಮ ಪಕ್ಕದ ಗದ್ದೆ ಪೂರ್ತಿ ಹಳೇ ಬಿಪಿಟಿ, ಅದರ ಪರಾಗ ಬಂದು ನಮ್ಮ ಬೀಜ ಬೆರಕೆಯಾಗುತ್ತೇನೋ ಅಂತ ಭಯ.

ನಾನೇ ಬೀಜ ಎತ್ತಿಟ್ಟರೆ ಎಷ್ಟು ವರ್ಷ ಆ ಮೂರೂ ಉಳಿಯುತ್ತವೆ? ಬದುವಿನಿಂದ ಎಷ್ಟು ಸಾಲು ಬಿಟ್ಟು ಬೀಜಕ್ಕೆ ಕೊಯ್ಯಬೇಕು? ಬೆಳೆದವರು ದಯವಿಟ್ಟು ಹೇಳಿ.