‘ಕುಶಲ ಕಾರ್ಮಿಕರ ವೀಸಾ’ ಅಂದರೆ ಯಾರ ವೀಸಾ?

ಎಲ್ಲರಿಗೂ ನಮಸ್ಕಾರ. ಸ್ಕಿಲ್ಡ್ ವರ್ಕರ್ ಅನ್ನೋದಕ್ಕೆ ನೀವೆಲ್ಲ ಕನ್ನಡದಲ್ಲಿ ಏನು ಬರೆಯುತ್ತೀರಿ? ವೀಸಾ ಸುದ್ದಿಗಳಲ್ಲಿ ಜಾಸ್ತಿ ಕಾಣೋದು ‘ಕುಶಲ ಕಾರ್ಮಿಕ’. ಅಮೆರಿಕದ ಕೆಲಸದ ವೀಸಾ ಎಚ್-1ಬಿ ಇರಲಿ, ಬ್ರಿಟನ್ ಇರಲಿ, ಜರ್ಮನಿ ಇರಲಿ, ಎಲ್ಲದಕ್ಕೂ ಅದೇ. ನನಗೆ ಇದು ಸರಿ ಕಾಣುತ್ತಿಲ್ಲ.

ನಮ್ಮ ಸಾಗರದ ಕಡೆ ಐಟಿಐ ಮುಗಿಸಿದ ಹುಡುಗರು ಇಂಥ ಸುದ್ದಿ ಓದಿ, ‘ಅಣ್ಣಾ, ಇದರಲ್ಲಿ ನಮಗೇನಾದ್ರೂ ಆಗುತ್ತಾ?’ ಅಂತ ಕೇಳುತ್ತಾರೆ. ಕೇಳೋದರಲ್ಲಿ ತಪ್ಪೇನಿದೆ? ಕನಿಷ್ಠ ವೇತನದ ಸರ್ಕಾರಿ ಆದೇಶಗಳಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿ ಕುಶಲ ಅಂತ ವಿಂಗಡಣೆ ಇರುತ್ತದೆ. ವೆಲ್ಡರ್, ಎಲೆಕ್ಟ್ರಿಷಿಯನ್‌ಗಳನ್ನು ಕುಶಲ ಕಾರ್ಮಿಕರು ಅಂತಲೇ ಎಲ್ಲರೂ ತಿಳಿಯುವುದು. ಆದರೆ ಎಚ್-1ಬಿ ಅವರಿಗೆ ಸಿಗುವಂಥದ್ದಲ್ಲ. ಅದಕ್ಕೆ ಆ ಕೆಲಸಕ್ಕೇ ಸಂಬಂಧಪಟ್ಟ ಒಂದು ಪದವಿಯಾದರೂ ಬೇಕು, ಇಲ್ಲವೇ ಅದಕ್ಕೆ ಸಮನಾದ ಅರ್ಹತೆ ಬೇಕು. ಇನ್ನು ‘ಕಾರ್ಮಿಕ’ ಅಂದರೆ ಭದ್ರಾವತಿಯವರಿಗೆ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ನೆನಪಾಗುತ್ತದೆ. ಸಾಫ್ಟ್‌ವೇರ್‌ನವರು ತಮ್ಮನ್ನು ಕಾರ್ಮಿಕ ಅಂದುಕೊಂಡಿದ್ದನ್ನು ನಾನಂತೂ ಕೇಳಿಲ್ಲ.

ಬ್ರಿಟನ್ನಿನದು ಇನ್ನೂ ಮಜಾ. ಅಲ್ಲಿ ವೀಸಾದ ಹೆಸರೇ ಸ್ಕಿಲ್ಡ್ ವರ್ಕರ್. 2025ರ ಜುಲೈ 22ಕ್ಕೆ ಮುಂಚೆ ನಮ್ಮ ಪಿಯುಸಿಗೆ ಹತ್ತಿರದ ಮಟ್ಟದ ಓದು ಸಾಕಾಗುವ ಕೆಲಸಗಳೂ ಅದರಲ್ಲಿ ಸೇರುತ್ತಿದ್ದವು. ಆಮೇಲೆ, ಕೆಲವು ವಿನಾಯಿತಿ ಬಿಟ್ಟರೆ, ಪದವಿ ಮಟ್ಟದ ಕೆಲಸಗಳಿಗೆ ಮಾತ್ರ. ಹೆಸರು ಹಾಗೇ ಉಳಿಯಿತು, ಒಳಗಿದ್ದ ಕೆಲಸಗಳಲ್ಲಿ ಹಲವು ಹೊರಗಾದವು. ಜರ್ಮನಿಯಲ್ಲಿ ಇದಕ್ಕೆ ಉಲ್ಟಾ. ಅವರ ‘ಫಾಖ್‌ಕ್ರಾಫ್ಟ್’ ಅನ್ನುವುದರಲ್ಲಿ ಪದವೀಧರನೂ ಇದ್ದಾನೆ, ಕಸುಬಿನ ತರಬೇತಿ ಪಡೆದವನೂ ಇದ್ದಾನೆ. ಭಾರತದ ಇಂಥವರಿಗೆ ವರ್ಷಕ್ಕೆ 20,000 ಇದ್ದ ವೀಸಾ ಮಿತಿಯನ್ನು 90,000ಕ್ಕೆ ಏರಿಸುತ್ತೇವೆ ಅಂತ ಅವರು 2024ರಲ್ಲಿ ಹೇಳಿದ್ದರು. ನಮ್ಮ ಐಟಿಐ ಹುಡುಗರು ಓದಬೇಕಾದ ಸುದ್ದಿ ಅದು. ಅವರ ತರಬೇತಿಗೆ ಅಲ್ಲಿ ಮಾನ್ಯತೆ ಸಿಗಬೇಕು, ಅದು ಬೇರೆ ತಲೆನೋವು, ಬಿಡಿ.

‘ನುರಿತ’ ಅಂತ ಯಾರಾದರೂ ಹೇಳಬಹುದು. ನುರಿತ ಅಂದರೆ ಮಾಡಿ ಮಾಡಿ ಪಳಗಿದವನು, ಅಲ್ವಾ? ಒಂದು ಅಡಿಕೆ ಮರದಿಂದ ಇಳಿಯದೆ ಪಕ್ಕದ ಮರಕ್ಕೆ ಹಾಯುವ ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವನು, ನುರಿತವನು. ಅವನ ಹತ್ತಿರ ಸರ್ಟಿಫಿಕೇಟ್ ಇಲ್ಲ. ಈಗಷ್ಟೇ ಎಂಎಸ್ ಮುಗಿಸಿದ ಹುಡುಗಿಗೆ ಎಚ್-1ಬಿ ಸಿಗಬಹುದು, ಅವಳು ಇನ್ನೂ ನುರಿತಿಲ್ಲ. ‘ತಜ್ಞ’ ಅಂದರೆ ಸುಮ್ನೆ ದೊಡ್ಡದು ಮಾಡಿದ ಹಾಗಾಗುತ್ತದೆ. ಸದ್ಯಕ್ಕೆ ನಾನು ಎಚ್-1ಬಿಗೆ ‘ಪದವೀಧರ ಉದ್ಯೋಗಿಗಳ ವೀಸಾ’ ಅಂತಲೂ, ಜರ್ಮನಿಯದಕ್ಕೆ ‘ಕಸುಬು ಕಲಿತವರು ಮತ್ತು ಪದವೀಧರರು’ ಅಂತ ಬಿಡಿಸಿಯೂ ಬರೆಯುತ್ತಿದ್ದೇನೆ. ತಲೆಬರಹಕ್ಕೆ ಉದ್ದ ಆಯಿತು ಅಂತ ಗೊತ್ತು.

ಇದರ ಜೊತೆಗೇ ಇನ್ನೊಂದು. 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಲಾಟರಿ (ಅರ್ಜಿ ಹೆಚ್ಚಾದಾಗ ಚೀಟಿ ಎತ್ತಿ ಆರಿಸುವುದು) ಬದಲಾಯಿಸುವ ಮಾತು ಬಂದಾಗ, ಪ್ರಪೋಸ್ಡ್ ರೂಲ್ ಅನ್ನೋದಕ್ಕೆ ‘ಪ್ರಸ್ತಾಪಿತ ನಿಯಮ’ ಅಂತ ಬರೆದವರಿದ್ದಾರೆ. ಪ್ರಸ್ತಾಪ ಅಂದರೆ ಮಾತಿನ ನಡುವೆ ವಿಷಯ ಎತ್ತುವುದು. ನಮ್ಮ ಸರ್ಕಾರ ಆಕ್ಷೇಪಣೆ ಕರೆಯುವಾಗ ಬಳಸುವ ‘ಕರಡು ನಿಯಮ’ ಇದೆಯಲ್ಲ, ಅದೇ ಸಾಕು. ಆ ಕರಡಿನಲ್ಲಿ ಇದ್ದ ವೇಟೆಡ್ ಸೆಲೆಕ್ಷನ್ ಅನ್ನೋದನ್ನು ‘ತೂಕದ ಆಯ್ಕೆ’ ಅಂತ ಕನ್ನಡಿಸಿದರೆ ದೇವರಿಗೂ ಅರ್ಥವಾಗಲ್ಲ. ಸಂಬಳದಲ್ಲಿ ನಾಲ್ಕು ಮಟ್ಟ, ಮೇಲಿನ ಮಟ್ಟದವನ ಹೆಸರಲ್ಲಿ ನಾಲ್ಕು ಚೀಟಿ, ಕೆಳಗಿನವನ ಹೆಸರಲ್ಲಿ ಒಂದೇ ಚೀಟಿ, ಆಮೇಲೆ ಚೀಟಿ ಎತ್ತುವುದು. ‘ಸಂಬಳಕ್ಕೆ ತಕ್ಕಷ್ಟು ಚೀಟಿ’ ಅಂದರೆ ನಡೆಯುತ್ತದೆ ಅನ್ನೋದು ನನ್ನ ಅನಿಸಿಕೆ.

ಗಲ್ಫ್ ಕಡೆ ಹೋಗಿಬಂದವರು ಇಲ್ಲಿ ಯಾರಾದರೂ ಇದ್ದರೆ, ಟ್ರೇಡ್ ಕಲಿತು ಹೋದವರಿಗೂ ಆಫೀಸಿನವರಿಗೂ ನೀವು ಬೇರೆ ಬೇರೆ ಕನ್ನಡ ಪದ ಬಳಸುತ್ತಿದ್ದಿರಾ? ಇದ್ದರೆ ದಯವಿಟ್ಟು ಬರೆಯಿರಿ. ಹೊಸದಾಗಿ ಟಂಕಿಸಿದ್ದು ಬೇಡ, ಬಾಯಲ್ಲಿ ಇರುವಂಥದ್ದು ಬೇಕು.